‘ಶರಪಂಜರ’ವೂ ಆಡದೆ ಉಳಿದ ಒಂದು ಮಾತೂ

ದೊಡ್ಡಬಳ್ಳಾಪುರದ ತಾಲ್ಲೂಕಿನ ಘಾಟಿ ಸುಬ್ರಹ್ಮಣ್ಯಕ್ಕೆ ಹೋದವರೆಲ್ಲರೂ ಅಲ್ಲಿ ಸಾಲುಸಾಲಾಗಿ ನಿಂತಿರುವ ನಾಗರಕಲ್ಲುಗಳನ್ನು ಕಂಡಿರುತ್ತಾರೆ. ಸಂತಾನವನ್ನು ಬಯಸಿದ ದಂಪತಿಗಳು ಪ್ರತಿಷ್ಠೆ ಮಾಡಿಸಿದ ಕಲ್ಲುಗಳು ಅವು. ಒಬ್ಬ ಹೆಂಗಸಿನ ಗರ್ಭವನ್ನು ಕುರಿತು ಒಂದು ಮನೆತನವೇ ಹೊತ್ತ ಹರಕೆಗೆ ಒಂದೊಂದು ಕಲ್ಲೂ ಸಾಕ್ಷಿಯಾಗಿರುತ್ತದೆ. ಅದೇ ಹೆಂಗಸು ಮಕ್ಕಳನ್ನು ಹೆತ್ತು ಸಾಕಿ, ನಡುವಯಸ್ಸಿನಲ್ಲಿ ಗಡ್ಡೆಯಿಂದಲೋ ನಿಲ್ಲದ ರಕ್ತಸ್ರಾವದಿಂದಲೋ ನರಳಿ, ವೈದ್ಯರ ಸಲಹೆಯಂತೆ ಗರ್ಭಕೋಶವನ್ನು ತೆಗೆಸಿಕೊಂಡು ಮನೆಗೆ ಹಿಂದಿರುಗುತ್ತಾಳೆ. ಆಗ ಅವಳ ದಾಂಪತ್ಯದ ವಿಷಯದಲ್ಲಿ ಆಡುವುದಕ್ಕೆ ಮನೆಯಲ್ಲಿ ಯಾರಿಗೂ ಒಂದು ಮಾತು ದೊರೆಯುವುದಿಲ್ಲ. ಈ ಮಾತಿನ ಬಡತನವು ವೈದ್ಯರಿಗೆ ಮಾತ್ರ ಸಂಬಂಧಪಟ್ಟದ್ದಲ್ಲ, ಸಾಹಿತ್ಯಕ್ಕೂ ಸಂಬಂಧಪಟ್ಟದ್ದೆಂಬುದು ನಮ್ಮ ಅಭಿಪ್ರಾಯ.

ಇಂತಹ ಸಂಕೋಚವು ಕನ್ನಡದ ಹುಟ್ಟುಗುಣವೇನೂ ಅಲ್ಲ. ಹನ್ನೊಂದನೆಯ ಶತಮಾನದಲ್ಲಿ ಚಂದ್ರರಾಜನು ‘ಮದನತಿಲಕ’ವನ್ನೂ ಹದಿನೈದನೆಯ ಶತಮಾನದಲ್ಲಿ ಕಲ್ಲರಸನು ‘ಜನವಶ್ಯ’ವನ್ನೂ ರಚಿಸಿದರು. ಕಾಮಶಾಸ್ತ್ರವನ್ನು ದೇಶಭಾಷೆಯಲ್ಲಿ ಹೇಳಲು ಅವರು ಹಿಂಜರಿಯಲಿಲ್ಲ. ಆದರೆ ನಮ್ಮ ಶೃಂಗಾರ ಪರಂಪರೆಯ ನಾಯಿಕೆ ಸಾಮಾನ್ಯವಾಗಿ ತರುಣಿಯೇ. ತಾಯಿಯಾದೊಡನೆ ಆಕೆ ಶೃಂಗಾರದಿಂದ ವಾತ್ಸಲ್ಯಕ್ಕೆ ದಾಟಿಬಿಡುತ್ತಾಳೆ. ಮತ್ತೆ ಈಚೆಗೆ ಬರುವುದಿಲ್ಲ. ರೋಗದಿಂದೆದ್ದ ನಡುವಯಸ್ಸಿನ ಗೃಹಿಣಿಗೂ ಒಂದು ಶೃಂಗಾರವುಂಟೆಂಬುದನ್ನು ಲಕ್ಷಣಗ್ರಂಥಗಳು ಎಣಿಕೆಗೆ ತೆಗೆದುಕೊಂಡಂತೆ ಕಾಣುವುದಿಲ್ಲ.

ಹೊಸಗನ್ನಡದಲ್ಲಿ ಈ ಪ್ರದೇಶದ ಹೊಸ್ತಿಲವರೆಗೆ ಬಂದವರು ತ್ರಿವೇಣಿಯವರು (೧೯೨೮–೧೯೬೩). ಅವರ ‘ಶರಪಂಜರ’ದ ಕಥೆಯು ೧೯೭೧ರಲ್ಲಿ ಪುಟ್ಟಣ್ಣ ಕಣಗಾಲರ ಚಲಚ್ಚಿತ್ರದ ಮೂಲಕ ಮನೆಮನೆಗೂ ಮುಟ್ಟಿತು. ಹೆರಿಗೆಯ ಬಳಿಕ ಕಾವೇರಿಯ ಮನಸ್ಸು ಕದಡುತ್ತದೆ. ಆಸ್ಪತ್ರೆಯಲ್ಲಿ ಗುಣವಾಗಿ ಆಕೆ ಮನೆಗೆ ಬರುತ್ತಾಳೆ. ವೈದ್ಯರು ಗುಣವಾಯಿತೆಂದರೂ ಮನೆಯವರ ಕಣ್ಣಿಗೆ ಗುಣವಾಗಿರುವುದಿಲ್ಲ. ಪತಿ ದೂರ ಉಳಿಯುತ್ತಾನೆ, ಅವನ ಮನಸ್ಸು ಬೇರೆಡೆಗೆ ಹೊರಳಿರುತ್ತದೆ, ಕಾವೇರಿ ಮತ್ತೆ ಕುಸಿಯುತ್ತಾಳೆ. ಹೆಂಗಸಿನ ಕಾಯಿಲೆಯ ನಿಜವಾದ ಪರೀಕ್ಷೆ ಆಸ್ಪತ್ರೆಯಲ್ಲಿ ನಡೆಯುವುದಲ್ಲ, ಹಿಂದಿರುಗಿದ ಮನೆಯಲ್ಲಿ ನಡೆಯುವುದೆಂದು ತೋರಿಸಿದ್ದು ಈ ಕೃತಿಯ ದೊಡ್ಡ ಗುಣ.

ಈ ಗುಣವನ್ನು ಒಪ್ಪಿಯೇ ಅದರ ಮಿತಿಯನ್ನೂ ಹೇಳಬೇಕು. ಓದುಗನ ಕೋಪವೆಲ್ಲ ಪತಿಯ ಮೇಲೆ ತಿರುಗುತ್ತದೆ. ‘ನಾನು ಅಂಥವನಲ್ಲ’ ಎಂಬ ಸಮಾಧಾನದಿಂದ ಅವನು ಪುಸ್ತಕವನ್ನು ಮುಚ್ಚುತ್ತಾನೆ. ತಪ್ಪಿತಸ್ಥನೇ ಇಲ್ಲದ ಮನೆಯಲ್ಲಿಯೂ ಈ ದುರಂತ ನಡೆಯಬಲ್ಲದೆಂಬುದು ಅವನಿಗೆ ಹೊಳೆಯುವುದಿಲ್ಲ.

ಹೊಸಕೋಟೆಯ ಕಡೆಯ ನಮ್ಮ ಬಂಧುವರ್ಗದ ಹಿರಿಯ ಗೃಹಿಣಿಯೊಬ್ಬರು ಈ ಕಾದಂಬರಿಯ ಪ್ರಸ್ತಾಪ ಬಂದಾಗ, “ಕಾವೇರಿಗಾದರೂ ಒಂದು ಕಥೆ ಸಿಕ್ಕಿತಪ್ಪ, ನಮ್ಮಂಥವರಿಗೆ ಏನು ಸಿಕ್ಕಿತು?” ಎಂದರು. ಅವರಿಗೆ ಗರ್ಭಕೋಶದ ಶಸ್ತ್ರಕ್ರಿಯೆಯಾದ ಮೇಲೆ ಯಜಮಾನರು ತಮ್ಮ ಹಾಸಿಗೆಯನ್ನು ನಡುಮನೆಗೆ ಹಾಕಿಕೊಂಡರಂತೆ. ಮುಟ್ಟಿದರೆ ಒಳಗಿನ ಹೊಲಿಗೆಗೆ ಅಪಾಯವಾದೀತೆಂಬ ಭಯ ಅವರದು. ತಾನಿನ್ನು ಬೇಡವಾದೆನೆಂಬ ನೋವು ಈಕೆಯದು. ಹಾಸಿಗೆ ಮತ್ತೆ ಒಳಕ್ಕೆ ಬರಲಿಲ್ಲ. ಯಜಮಾನರ ಕೊನೆಗಾಲದಲ್ಲಿ ಮಾತಿನ ನಡುವೆ ಆ ಭಯದ ಸಂಗತಿ ತಿಳಿಯಿತಂತೆ. ಇಲ್ಲಿ ದುಷ್ಟನಿಲ್ಲ, ದ್ರೋಹವಿಲ್ಲ. ಇಬ್ಬರೂ ಸಜ್ಜನರು. ಆಡದೆ ಉಳಿದ ಒಂದು ಮಾತು ಒಂದು ದಾಂಪತ್ಯದ ಅರ್ಧವನ್ನು ನುಂಗಿತು.

ಆ ಮಾತಾದರೂ ಯಾವುದು? ಅದು ಅಷ್ಟೇನೂ ಗಹನವಾದುದಲ್ಲ. ಗರ್ಭಕೋಶವು ಶಿಶು ಬೆಳೆಯುವ ಸ್ಥಾನ. ಸ್ತ್ರೀಯ ಸುಖಾನುಭವಕ್ಕೆ ಮುಖ್ಯವಾದ ಭಗಾಂಕುರವೂ ಯೋನಿಮಾರ್ಗವೂ ಸಾಮಾನ್ಯವಾದ ಈ ಶಸ್ತ್ರಕ್ರಿಯೆಯಲ್ಲಿ ಉಳಿದೇ ಇರುತ್ತವೆ. ಒಳಗಿನ ಗಾಯ ಮಾಯಲೆಂದು ವೈದ್ಯರು ಸುಮಾರು ೬ ವಾರ, ಕೆಲವು ವೇಳೆ ಇನ್ನೂ ಹೆಚ್ಚು ಕಾಲ, ಕೂಡುವಿಕೆ ಬೇಡವೆನ್ನುತ್ತಾರೆ. ಅದು ಅವಧಿಯೇ ಹೊರತು ಆಜೀವ ವ್ರತವಲ್ಲ. ಅಂಡಾಶಯಗಳನ್ನು ಉಳಿಸಿದ್ದರೆ ದೇಹದ ಅಂತಃಸ್ರಾವಗಳು ಮುಂದುವರಿಯುತ್ತವೆ, ಆದರೂ ಕೆಲವರಲ್ಲಿ ಅವು ತುಸು ಮುಂಚಿತವಾಗಿ ತಗ್ಗಬಹುದು. ಅವುಗಳನ್ನೂ ತೆಗೆದಿದ್ದರೆ ಮುಟ್ಟು ನಿಲ್ಲುವ ಕಾಲದ ತೊಂದರೆಗಳು ಒಮ್ಮೆಗೇ ಬರುತ್ತವೆ: ಮೈ ಬಿಸಿಯೇರುವುದು, ನಿದ್ರಾಭಂಗ, ಯೋನಿಯ ಶುಷ್ಕತೆ, ಆಸೆ ಕುಗ್ಗುವುದು. ಶುಷ್ಕತೆಗೆ ಜಾರುವ ಲೇಪಗಳುಂಟು. ವೈದ್ಯರನ್ನು ಕೇಳಿ ಬಳಸಬಹುದಾದ ಈಸ್ಟ್ರೋಜನ್ ಲೇಪವೂ ಉಂಟು. ಬಹುಕಾಲದ ನೋವೂ ರಕ್ತಸ್ರಾವವೂ ತೀರಿದ ಮೇಲೆ ಅನೇಕರಿಗೆ ಸಾಂಗತ್ಯವು ಮೊದಲಿಗಿಂತ ಹಿತವಾಗುತ್ತದೆ. ಕೆಲವರಿಗೆ ಸುಖ ಕುಗ್ಗಿದ್ದೂ ಉಂಟು. ಅದನ್ನು ಮನಸ್ಸಿನ ಭ್ರಮೆಯೆಂದು ತಳ್ಳಿಹಾಕಬಾರದು. ನೋವು ಮುಂದುವರಿದರೆ, ಮತ್ತೆ ರಕ್ತ ಕಂಡರೆ, ಸುಮ್ಮನಿರದೆ ವೈದ್ಯರಿಗೆ ತೋರಿಸಬೇಕು.

ಇವನ್ನು ಕನ್ನಡದಲ್ಲಿ ಮರ್ಯಾದೆಯಿಂದ ಹೇಳಲಾಗದೆಂಬವರಿಗೆ ಡಾಕ್ಟರ್ ಅನುಪಮಾ ನಿರಂಜನರ (೧೯೩೪–೧೯೯೧) ‘ದಾಂಪತ್ಯ ದೀಪಿಕೆ’ಯೇ ಉತ್ತರ. ವೈದ್ಯೆಯೂ ಕಾದಂಬರಿಕಾರ್ತಿಯೂ ಆಗಿದ್ದ ಅವರು ಗಂಡಹೆಂಡಿರ ಗುಟ್ಟನ್ನು ಅಡಗಿಸಲೂ ಇಲ್ಲ, ಅಗ್ಗವಾಗಿಸಲೂ ಇಲ್ಲ. ಆದರೆ ಅಂತಹ ಗ್ರಂಥವು ತಿಳಿವಳಿಕೆಯನ್ನು ಕೊಡುತ್ತದೆಯೇ ಹೊರತು ಬಾಯಿಗೆ ಮಾತನ್ನು ತಂದುಕೊಡುವುದಿಲ್ಲ. ಆ ಕೆಲಸ ಕಥೆಯದು. ಒಬ್ಬ ಗಂಡ, ಒಬ್ಬ ಹೆಂಡತಿ, ಒಂದು ರಾತ್ರಿ, “ನಿನಗೆ ನೋವಾದೀತೆಂದು ಹೆದರಿದೆ” ಎಂಬ ಒಂದು ವಾಕ್ಯ: ಇಷ್ಟನ್ನು ಒಂದು ಸಣ್ಣಕಥೆ ಓದುಗನ ಕಿವಿಗೆ ಹಾಕಿದರೆ, ಅವನು ಅದನ್ನು ತನ್ನ ಮನೆಯಲ್ಲಿ ಆಡಲು ಕಲಿಯುತ್ತಾನೆ.

ಇಲ್ಲಿ ಒಂದು ಎಚ್ಚರಿಕೆ ಅವಶ್ಯ. ಸಮಾಧಾನ ಹೇಳುವ ಭರದಲ್ಲಿ ಅನ್ಯಾಯವನ್ನು ಮುಚ್ಚಬಾರದು. ೨೦೧೫–೧೬ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ೧೫ರಿಂದ ೪೯ ವರ್ಷದ ಸ್ತ್ರೀಯರಲ್ಲಿ ನೂರಕ್ಕೆ ಸುಮಾರು ೩ ಮಂದಿಗೆ ಈ ಶಸ್ತ್ರಕ್ರಿಯೆಯಾಗಿತ್ತು. ಕಲಬುರಗಿ ಜಿಲ್ಲೆಯ ತಾಂಡಾಗಳ ಲಂಬಾಣಿ ಹೆಂಗಸರಲ್ಲಿ ಅನೇಕರಿಗೆ ಅವಶ್ಯವಿಲ್ಲದೆಯೇ ಗರ್ಭಕೋಶ ತೆಗೆಯಲಾಯಿತೆಂಬ ದೂರು ೨೦೧೫ರ ಸುಮಾರಿಗೆ ನಾಡಿನ ಗಮನಕ್ಕೆ ಬಂದಿತು. ಇಂತಹ ಅನವಶ್ಯಕ ಶಸ್ತ್ರಕ್ರಿಯೆಗಳನ್ನು ತಡೆಯುವ ಮಾರ್ಗಸೂಚಿಗಳನ್ನು ಅನುಸರಿಸಬೇಕೆಂದು ೨೦೨೩ರ ಏಪ್ರಿಲ್ ೫ರಂದು ಸುಪ್ರೀಂ ಕೋರ್ಟು ರಾಜ್ಯಗಳಿಗೆ ಆದೇಶವಿತ್ತಿತು. ಮಕ್ಕಳಾದ ಮೇಲೆ ಗರ್ಭಕೋಶವೇಕೆ ಎಂಬ ಅಸಡ್ಡೆಯೂ, ಗರ್ಭಕೋಶ ಹೋದ ಮೇಲೆ ದಾಂಪತ್ಯವೇಕೆ ಎಂಬ ಅಸಡ್ಡೆಯೂ ಒಂದೇ ಬೇರಿನವು. ಎರಡೂ ಹೆಂಗಸನ್ನು ಅವಳ ಉಪಯೋಗದಿಂದ ಅಳೆಯುತ್ತವೆ.

ತ್ರಿವೇಣಿಯವರು ನಿಲ್ಲಿಸಿದ ಹೊಸ್ತಿಲಿನಿಂದ ಮುಂದಕ್ಕೆ ನಮ್ಮ ಲೇಖಕರು ಒಂದು ಹೆಜ್ಜೆಯಿಡಬೇಕು. ಲೇಖಕಿಯರು ಇಟ್ಟರೆ ಮತ್ತೂ ಒಳ್ಳೆಯದು. ಅಲ್ಲಿಯವರೆಗೆ ವಾಚಕರಲ್ಲಿ ನಮ್ಮ ವಿಜ್ಞಾಪನೆ ಇಷ್ಟೆ. ಮನೆಯ ಹೆಂಗಸು ಆಸ್ಪತ್ರೆಯಿಂದ ಹಿಂದಿರುಗಿದಾಗ ಗಂಜಿ, ಔಷಧಿ, ವಿಶ್ರಾಂತಿಗಳನ್ನು ವಿಚಾರಿಸುವಂತೆಯೇ, ಯಜಮಾನರಾದವರು ಏಕಾಂತದಲ್ಲಿ ಆಕೆಯ ಮನಸ್ಸನ್ನೂ ವಿಚಾರಿಸಲಿ. ತಮ್ಮ ಭಯವೇನಾದರೂ ಇದ್ದರೆ ಅದನ್ನೂ ಹೇಳಲಿ. ಹಾಸಿಗೆಯನ್ನು ಬೇರೆ ಹಾಕುವುದೇ ಆದರೆ, ಏಕೆಂಬುದನ್ನು ಹೇಳಿ ಹಾಕಲಿ.