ಕಣ್ಣು ಬರುವಷ್ಟರಲ್ಲಿ ಎರಡು ಗುಂಡು

ಕ್ರಾಸ್‌ಹೇರ್‌ಗೆ ಹಸಿರು ಒಳ್ಳೆಯದೋ ಹಳದಿ ಒಳ್ಳೆಯದೋ ಎಂದು ಈ ವಾರ ತೀರ್ಪು ಕೊಡುವುದಾಗಿ ಹೇಳಿದ್ದೆ. ಅರ್ಧ ಬರೆದೂ ಇದ್ದೆ. ಆಫೀಸಿನವರು “ಎಲ್ಲಿ ಸಾರ್ ಅಂಕಣ?” ಎಂದು ಎರಡನೇ ಸಲ ಫೋನ್ ಮಾಡುವ ಹೊತ್ತಿಗೆ ಅಕ್ಕನ ಮಗ ಬಂದ. ಪಿಯುಸಿ ಮುಗಿಯುವವರೆಗೂ ಮೊಬೈಲಿನಲ್ಲಿ ಬಿಜಿಎಂಐ ಆಡಿಕೊಂಡಿದ್ದು, ಈಗ ಕಂಪ್ಯೂಟರಿಗೆ, ಅಂದರೆ ಕೌಂಟರ್-ಸ್ಟ್ರೈಕ್ 2ಕ್ಕೆ ದಾಟಿದ ಹುಡುಗ. ಕೈಯಲ್ಲೊಂದು ಜೆರಾಕ್ಸ್ ಹಾಳೆ. ಎಕೆ-47ರ 30 ಗುಂಡುಗಳು ಗೋಡೆಯ ಮೇಲೆ ಬೀಳುವ ಚಿತ್ರ, ಚುಕ್ಕಿಗೊಂದು ನಂಬರು.

“ಮಾಮ, ಇದನ್ನ ಎಷ್ಟು ದಿನದಲ್ಲಿ ಬಾಯಿಪಾಠ ಮಾಡ್ಬೋದು?”

ಬಣ್ಣದ ವ್ಯಾಜ್ಯ ಅಲ್ಲಿಗೆ ಮುಂದಕ್ಕೆ ಹೋಯಿತು.

ಚಿತ್ರದಲ್ಲಿ ತಪ್ಪಿಲ್ಲ. ಎಕೆಯ ಮೊದಲ ಎಂಟು-ಒಂಬತ್ತು ಗುಂಡು ಬಹುಪಾಲು ಮೇಲಕ್ಕೇ ಏರುತ್ತವೆ, ಆಮೇಲೆ ಅಡ್ಡಡ್ಡ ಓಲಾಡುತ್ತವೆ. ತಪ್ಪಿರುವುದು ಅದನ್ನು ಓದುವುದರಲ್ಲಿ. ಹಾಳೆಯ ಮೇಲಿರುವುದು ಗುಂಡಿನ ದಾರಿ. ಕೈಯ ದಾರಿ ಅದರ ತಲೆಕೆಳಗು. ಗುಂಡು ಮೇಲೆ ಹೋದರೆ ಮೌಸ್ ಕೆಳಗೆ, ಗುಂಡು ಎಡಕ್ಕೆ ಸರಿದರೆ ಮೌಸ್ ಬಲಕ್ಕೆ. ಇದು ಎಲ್ಲರಿಗೂ ಗೊತ್ತು. ಗೊತ್ತಿಲ್ಲದ್ದು ಇನ್ನೊಂದಿದೆ. ದೂರದಲ್ಲಿರುವವನಿಗೆ ಹೊಡೆಯುವಾಗ ಮೌಸನ್ನು ಹೆಚ್ಚು ಎಳೆಯಬೇಕು ಎಂದು ಹತ್ತು ವರ್ಷ ಆಡಿದವರೂ ನಂಬಿರುತ್ತಾರೆ. ಬೇಡ. ಬಂದೂಕಿನ ಒದೆತ ಕೋನದ ಲೆಕ್ಕ, ಗಜದ ಲೆಕ್ಕವಲ್ಲ. ಹತ್ತಿರದ ಗೋಡೆಗೂ ದೂರದ ಗೋಡೆಗೂ ಕೈ ಎಳೆಯುವುದು ಅಷ್ಟೇ. ದೂರದ ಗೋಡೆಯಲ್ಲಿ ಚಿತ್ತಾರ ದೊಡ್ಡದಾಗಿ ಬೀಳುತ್ತದೆ, ಅಲ್ಲಿ ನಿಂತವನು ಸಣ್ಣವನಾಗಿ ಕಾಣುತ್ತಾನೆ. ಹೆಚ್ಚಬೇಕಾದದ್ದು ಎಳೆತವಲ್ಲ, ನಿಖರತೆ. ಜೊತೆಗೆ ಪ್ರತಿ ಗುಂಡಿಗೂ ಆಟವೇ ಹಾಕುವ ದಾಳದ ಚೆಲ್ಲಾಟ ಬೇರೆ ಇದೆ. ಒದೆತವನ್ನು ಕಲಿಯಬಹುದು, ದಾಳವನ್ನು ಕಲಿಯಲಾಗದು. ಅದಕ್ಕೇ ದೂರದವನ ಮೇಲೆ 30 ಗುಂಡನ್ನೂ ಸುರಿಯುವುದು ದಂಡ. ನಿಂತು ಹೊಡೆಯಬೇಕೆಂಬ ಪಾಠವನ್ನು ಈ ಅಂಕಣದ ಓದುಗರಿಗೆ ಮತ್ತೆ ಹೇಳಲಾರೆ.

ಇಲ್ಲಿ ಒಂದು ಹಳೆಯ ಬಾಕಿ ತೀರಿಸಬೇಕಿದೆ. ಕೌಂಟರ್-ಸ್ಟ್ರೈಕ್ 1.6ರ ಕಾಲದಲ್ಲಿ ನಮ್ಮ ಬೀದಿಯ ಸೈಬರ್ ಸೆಂಟರಿನಲ್ಲಿ ಒಂದು ಟ್ಯಾಪ್ ಪಂಥವಿತ್ತು. ಒಂದೊಂದೇ ಗುಂಡು ಬಿಡಬೇಕು, ತಲೆಗೇ ಬಿಡಬೇಕು. ಸ್ಪ್ರೇ ಹೊಡೆಯುವವನು ಕೂಲಿ, ಟ್ಯಾಪ್ ಹೊಡೆಯುವವನು ಕಲಾವಿದ. ಅದರ ಪೀಠಾಧಿಪತಿ ನನಗಿಂತ ಎರಡು ವರ್ಷ ದೊಡ್ಡವನು. ನಾನು ಸ್ಪ್ರೇ ಹೊಡೆದಾಗಲೆಲ್ಲ “ಪೈಪಿನಲ್ಲಿ ಗಿಡಕ್ಕೆ ನೀರು ಬಿಡ್ತಿದೀಯೇನೋ?” ಎಂದು ಇಡೀ ಅಂಗಡಿಗೆ ಕೇಳುವ ಹಾಗೆ ಹೇಳುತ್ತಿದ್ದ. ಇಪ್ಪತ್ತು ವರ್ಷ ಕಳೆದ ಮೇಲೆ ಅವನಿಗೊಂದು ಲೆಕ್ಕ ಒಪ್ಪಿಸುತ್ತೇನೆ. ಮೌಸಿನ ಡಿಪಿಐ 400, ಆಟದ ಸೆನ್ಸಿಟಿವಿಟಿ 2 ಇಟ್ಟುಕೊಂಡರೆ ಒಂದು ಸುತ್ತು ಪೂರ್ತಿ ತಿರುಗಲು ಮೌಸ್ ಸುಮಾರು 52 ಸೆಂಟಿಮೀಟರ್ ಸರಿಯಬೇಕು. ಸ್ಪ್ರೇಯನ್ನು ನಯವಾಗಿ ಇಳಿಸುವುದಕ್ಕೆ ಇಷ್ಟು ನಿಧಾನವಾದ ಮೌಸೇ ಹದ. ನಮ್ಮ ಸೈಬರ್ ಸೆಂಟರಿನಲ್ಲಿ ಕೀಬೋರ್ಡ್ ಪಕ್ಕ ಇದ್ದದ್ದು ಒಂದು ಗೇಣು ಜಾಗ. ಆ ಗೇಣಿನಲ್ಲಿ ಮೌಸ್ ಆಡಿಸಲು ಸೆನ್ಸಿಟಿವಿಟಿಯನ್ನು ಮನಸ್ವೀ ಏರಿಸಿಕೊಂಡಿದ್ದೆವು. ಏರಿಸಿದ ಮೇಲೆ ಸ್ಪ್ರೇ ಯಾರ ಕೈಯಲ್ಲೂ ನಿಲ್ಲುತ್ತಿರಲಿಲ್ಲ. ಅಣ್ಣಾ, ನಿನ್ನ ಪಂಥ ಹುಟ್ಟಿದ್ದು ಸಿದ್ಧಾಂತದಿಂದಲ್ಲ, ಮೇಜಿನ ಅಗಲದಿಂದ!

ಹುಡುಗನ ವಿಷಯಕ್ಕೆ ಬರುತ್ತೇನೆ. ಅವನ ನಿಜವಾದ ತೊಂದರೆ ಹಾಳೆಯದ್ದಲ್ಲ. ಬಿಜಿಎಂಐನಲ್ಲಿ ರೆಡ್ ಡಾಟ್ ತೆರೆದು ಹೊಡೆದರೆ ಬಂದೂಕಿನ ಜೊತೆ ನೋಟವೂ ಮೇಲೇರುತ್ತದೆ. ಚುಕ್ಕಿ ಎಲ್ಲಿದೆಯೋ ಗುಂಡು ಅಲ್ಲಿಗೆ. ಕೌಂಟರ್-ಸ್ಟ್ರೈಕ್‌ನಲ್ಲಿ ಗುಂಡು ಏರಿದಷ್ಟು ನೋಟ ಏರುವುದಿಲ್ಲ. ಕ್ರಾಸ್‌ಹೇರ್ ಒಂದು ಕಡೆ ತೋರಿಸುತ್ತದೆ, ಗುಂಡು ಅದರ ನೆತ್ತಿಯ ಮೇಲೆ ಹಾದುಹೋಗುತ್ತದೆ. ಒಂದರದ್ದು ನಿಜ ಹೇಳುವ ಕ್ರಾಸ್‌ಹೇರ್, ಇನ್ನೊಂದರದ್ದು ಸುಳ್ಳು ಹೇಳುವ ಕ್ರಾಸ್‌ಹೇರ್. ನಿಜ ಹೇಳುವ ಕಡೆ ಕಣ್ಣನ್ನು ನಂಬಬಹುದು, ಸುಳ್ಳು ಹೇಳುವ ಕಡೆ ನೆನಪನ್ನೇ ನಂಬಬೇಕು ಎಂದು ಅವನಿಗೆ ಗಂಭೀರವಾಗಿ ಉಪದೇಶಿಸಿದೆ. ಅಂಕಣ ಅಲ್ಲಿಗೇ ಮುಗಿಯಬೇಕಿತ್ತು.

ಆದರೆ ಅವನು ಫೋನ್ ತೆಗೆದು ಟ್ರೈನಿಂಗ್ ಗ್ರೌಂಡಿಗೆ ಇಳಿದು ಎಕೆಎಂ ಹಿಡಿದ. ಕಾಂಪೆನ್ಸೇಟರ್ ಹಾಕಿಕೊಂಡು, ಜೈರೋ ಆನ್ ಮಾಡಿ ಹೊಡೆದು ತೋರಿಸಿದ. ಜೈರೋದವರನ್ನು ಕಂಡರೆ ನನಗೆ ಮೊದಲಿನಿಂದಲೂ ಅಷ್ಟಕ್ಕಷ್ಟೇ. ತುಂಬಿದ ತಟ್ಟೆ ಹಿಡಿದು ಬಸ್ಸಿನಲ್ಲಿ ನಿಂತವರ ಹಾಗೆ ಫೋನನ್ನು ಓಲಾಡಿಸುವುದೂ ಒಂದು ಆಟವೇ ಎಂದು ಇದೇ ಜಾಗದಲ್ಲಿ ಬರೆದಿದ್ದೇನೆ. ಈ ಸಲ ಪರದೆ ಬಿಟ್ಟು ಅವನ ಮಣಿಕಟ್ಟನ್ನು ನೋಡಿದೆ. ಚುಕ್ಕಿ ಏರಿದ್ದನ್ನು ಕಂಡು ಆಮೇಲೆ ಫೋನ್ ಬಾಗಿಸುತ್ತಾನೆ ಎಂದುಕೊಂಡಿದ್ದೆ. ಹಾಗಲ್ಲ. ಮೊದಲ ಗುಂಡಿನ ಜೊತೆಯಲ್ಲೇ ಮಣಿಕಟ್ಟು ಇಳಿಯತೊಡಗಿತ್ತು.

ಲೆಕ್ಕ ಹಾಕಿ ನೋಡಿ. ಎಕೆ ನಿಮಿಷಕ್ಕೆ 600 ಗುಂಡು ಉಗುಳುತ್ತದೆ; ಗುಂಡಿಗೂ ಗುಂಡಿಗೂ ನಡುವೆ 100 ಮಿಲಿಸೆಕೆಂಡು. 30 ಗುಂಡು ಮೂರೇ ಸೆಕೆಂಡಿನಲ್ಲಿ ಖಾಲಿ. ಕಣ್ಣು ಒಂದನ್ನು ಕಂಡು ಕೈ ಅಲುಗುವುದಕ್ಕೆ ಸುಮಾರು 200 ಮಿಲಿಸೆಕೆಂಡು ಬೇಕು. ಅಂದರೆ ತಪ್ಪನ್ನು ಕಂಡು ತಿದ್ದುವಷ್ಟರಲ್ಲಿ ಇನ್ನೆರಡು ಗುಂಡು ಹೋಗಿರುತ್ತವೆ. ಕಣ್ಣೊಂದನ್ನೇ ನಂಬಿದವನು ಸದಾ ಎರಡು ಗುಂಡು ಹಿಂದೆ. ಹುಡುಗ ಹಿಂದಿರಲಿಲ್ಲ. ಅವನ ಕೈಗೆ ಎಕೆಎಂ ಬಾಯಿಪಾಠವಾಗಿತ್ತು, ಅದು ಅವನಿಗೇ ಗೊತ್ತಿರಲಿಲ್ಲ. ನನ್ನ ಉಪದೇಶ ಅರ್ಧ ಸುಳ್ಳು. ಎರಡೂ ಆಟದಲ್ಲಿ ಮುಂದೆ ಹೋಗುವುದು ನೆನಪೇ. ಕಣ್ಣು ಹಿಂದಿನಿಂದ ಬಂದು ಅಳಿದುಳಿದದ್ದನ್ನು ತಿದ್ದುತ್ತದೆ, ಅಷ್ಟೆ.

ಇದು ನನಗೆ ಮೊದಲೇ ಹೊಳೆಯಬೇಕಿತ್ತು, ಏಕೆಂದರೆ ಚಿಕ್ಕಂದಿನಲ್ಲಿ ಸೋದರತ್ತೆ ನನಗೆ ಸಂಗೀತ ಕಲಿಸಲು ನೋಡಿ ಸೋತಿದ್ದರು. ಮಾಯಾಮಾಳವಗೌಳದಲ್ಲಿ ಸರಳೆ ವರಸೆ. ಹೀಗೆ ಪಾಠ ಶುರುಮಾಡುವ ಕ್ರಮ ಹಾಕಿಕೊಟ್ಟವರು ಪುರಂದರದಾಸರು ಎಂಬುದು ಪ್ರತೀತಿ. ಮೊದಲ ಕಾಲದಲ್ಲಿ ಎಣಿಕೆಗೆ ಒಂದು ಸ್ವರ, ಎರಡನೆಯದರಲ್ಲಿ ಎರಡು, ಮೂರನೆಯದರಲ್ಲಿ ನಾಲ್ಕು. ಮೊದಲ ಕಾಲದಲ್ಲಿ ನಾನು ಒಂದೊಂದು ಸ್ವರವನ್ನೂ ಕೇಳಿಕೊಂಡು, ಸರಿಮಾಡಿಕೊಂಡು ಹಾಡುತ್ತಿದ್ದೆ. ಮೂರನೇ ಕಾಲ ಬಂದರೆ ಮುಗ್ಗರಿಸುತ್ತಿದ್ದೆ. ಅತ್ತೆ ತೊಡೆಯ ಮೇಲೆ ತಾಳ ನಿಲ್ಲಿಸದೆಯೇ ಹೇಳುತ್ತಿದ್ದರು: “ಕೇಳಿ ಹಾಡೋದಲ್ಲ ಕಣೋ, ಹಾಡಿ ಕೇಳ್ಕೋಬೇಕು.” ಆಗ ಅರ್ಥವಾಗಿರಲಿಲ್ಲ. ಅರ್ಥವಾಗುವುದಕ್ಕೆ ಎಕೆಎಂ ಬೇಕಾಯಿತು. ಅತ್ತೆಗೆ ಇದನ್ನು ಹೇಳಿದರೆ ಬೈಯುತ್ತಾರೆ.

ಬಂದೂಕಿಗೆ ಮಾತ್ರ ಮೊದಲ ಕಾಲವಿಲ್ಲ, ಹುಟ್ಟಿದ್ದೇ ಮೂರನೇ ಕಾಲದಲ್ಲಿ. ವೇಗ ತಗ್ಗಿಸಲಾಗದ ಕಡೆ ಉದ್ದ ತಗ್ಗಿಸಬೇಕು. ಮೊದಲ ವಾರ ಬರೀ ಐದು ಗುಂಡು, ಅರ್ಧ ಸೆಕೆಂಡಿನ ಪಾಠ. ಅದು ಕೂತ ಮೇಲೆ ಹತ್ತು. ಕೌಂಟರ್-ಸ್ಟ್ರೈಕ್ 2ರಲ್ಲಿ ಒದೆತದ ಜೊತೆಗೇ ಕ್ರಾಸ್‌ಹೇರ್ ಓಡಾಡುವ ಹಾಗೆ ಮಾಡುವ ಸೆಟ್ಟಿಂಗ್ ಒಂದಿದೆ, ಸುಳ್ಳುಗಾರನಿಂದ ನಿಜ ಹೇಳಿಸುವುದಕ್ಕೆ. ಅದು ಶ್ರುತಿಪೆಟ್ಟಿಗೆ ಇದ್ದ ಹಾಗೆ. ಅಭ್ಯಾಸಕ್ಕೆ ಇಟ್ಟುಕೊಳ್ಳಿ, ಆದರೆ ಅದೇ ಹಾಡುತ್ತದೆ ಎಂದುಕೊಳ್ಳಬೇಡಿ. ಮೌಸನ್ನು ತಾನೇ ಇಳಿಸುವ ಮ್ಯಾಕ್ರೋ ಹಾಕಿಕೊಂಡವರು ಕ್ಯಾಸೆಟ್ ಹಚ್ಚಿ ತುಟಿ ಆಡಿಸುವವರು. ಅವರಿಗೆ ಈ ಅಂಕಣದಲ್ಲಿ ಹೇಳುವುದೇನೂ ಇಲ್ಲ.

ವ್ಯಾಲರಂಟ್ ಅಭಿಮಾನಿಗಳು ಕಾಯುತ್ತಿದ್ದಾರೆಂದು ಗೊತ್ತು. 2020ರಲ್ಲಿ ಬಂದ ಆ ಆಟದಲ್ಲಿ ರೈಫಲ್ಲಿನ ಏರುವಿಕೆಯನ್ನು ಕಲಿಯಬಹುದು. ಆಮೇಲೆ ಎಡಕ್ಕೋ ಬಲಕ್ಕೋ ಎಂಬುದು ಪ್ರತಿ ಸಲ ಬೇರೆ. “ಬಾಯಿಪಾಠ ಬೇಡ, ಸಮಯಸ್ಫೂರ್ತಿ ಬೇಕು” ಎಂದು ಅವರು ಹೆಮ್ಮೆ ಪಡುತ್ತಾರೆ. ಎರಡು ಗುಂಡು ತಡವಾಗಿ ಬರುವುದನ್ನು ಸಮಯಸ್ಫೂರ್ತಿ ಎನ್ನಲು ನಾನು ತಯಾರಿಲ್ಲ. ಒಂದು ಮಾತು ಮಾತ್ರ ಒಪ್ಪುತ್ತೇನೆ: ಎಲ್ಲಿ ಬೆರಳು ಎತ್ತಬೇಕೆಂದು ಆ ಆಟ ನಮ್ಮ ಆಟಕ್ಕಿಂತ ಬೇಗ ಕಲಿಸುತ್ತದೆ.

ರಾತ್ರಿ ಹುಡುಗನಿಗೊಂದು ಪರೀಕ್ಷೆ ಇಟ್ಟೆ. ಗೋಡೆಯ ಎದುರು ನಿಂತು, ಕಣ್ಣು ಮುಚ್ಚಿ, 30 ಗುಂಡನ್ನೂ ಬಿಟ್ಟು, ಆಮೇಲೆ ಕಣ್ಣು ತೆರೆಯಬೇಕು. ಅವನದ್ದು ಮೊದಲ ಐದು ಒಂದೆಡೆ, ಮಿಕ್ಕಿದ್ದು ಸೂರಿನ ಕಡೆಗೆ. “ಈಗ ನೀನು” ಎಂದ. ಇಪ್ಪತ್ತು ವರ್ಷದ ಅನುಭವಿಯಾದ ನಾನು ಕಣ್ಣು ಮುಚ್ಚಿದೆ. ತೆರೆದಾಗ ಮೊದಲ ಹನ್ನೊಂದು ಒಂದು ಅಂಗೈಯಗಲದಲ್ಲಿದ್ದವು. ಉಳಿದ ಹತ್ತೊಂಬತ್ತು ಗೋಡೆಯ ಉದ್ದಕ್ಕೂ ಒಣಹಾಕಿದ ಸಂಡಿಗೆಯ ಹಾಗೆ ಚೆಲ್ಲಿದ್ದವು. ಹುಡುಗ ಮಾತಾಡಲಿಲ್ಲ. ತನ್ನ ಹಾಳೆ ತೆಗೆದುಕೊಂಡು ಹನ್ನೊಂದನೇ ಚುಕ್ಕಿಯ ಬಳಿ ಮಡಿಸಿ, ಬೆರಳಿನಿಂದ ಗೀರಿ, ಹರಿದು, ದೊಡ್ಡ ತುಂಡನ್ನು ನನ್ನ ಕೈಗಿತ್ತ.

ಹಸಿರು-ಹಳದಿಯ ಟಿಪ್ಪಣಿಯನ್ನು ಅದರ ಹಿಂಬದಿಯಲ್ಲೇ ಬರೆದಿಟ್ಟಿದ್ದೇನೆ. ಮುಂದಿನ ವಾರ.