ಕಸುಬು ಮತ್ತು ಸ್ವಭಾವ

ವೃತ್ತಿ ಮನುಷ್ಯನನ್ನು ಹೇಗೆ ಬದಲಿಸುತ್ತದೆಂದು ಹೇಳುವ ಕಾದಂಬರಿಗಳು ಕನ್ನಡದಲ್ಲಿ ಸಾಕಷ್ಟಿವೆ. ಮಾಸ್ತರ, ವಕೀಲ, ಡಾಕ್ಟರ, ಪತ್ರಕರ್ತ ಇವರೆಲ್ಲ ಮೊದಲು ಮನುಷ್ಯರಾಗಿ ಬರುತ್ತಾರೆ, ಆಮೇಲೆ ನೌಕರಿ ಹಿಡಿಯುತ್ತಾರೆ, ಆಮೇಲೆ ಕೆಡುತ್ತಾರೆ ಇಲ್ಲವೆ ಸುಧಾರಿಸುತ್ತಾರೆ. ನಮ್ಮ ಚಿಕ್ಕೋಡಿ, ರಾಯಬಾಗ, ಅಥಣಿ ಕಡೆಯ ಕೇರಿಯಲ್ಲಿ ನಿಂತು ಓದಿದರೆ ಈ ಲೆಕ್ಕ ತಲೆಕೆಳಗಾಗುತ್ತದೆ. ಇಲ್ಲಿ ಕೂಸು ಹುಟ್ಟುವ ಮೊದಲೇ ಅದರ ಕಸುಬು ಹುಟ್ಟಿರುತ್ತದೆ. ‘ಅಂವಾ ಏನ್ ಮಾಡ್ತಾನ?’ ಅಂದರೆ ಜಾತಿಯನ್ನೇ ಕೇಳಿದಂತೆ.

ಶಿವರಾಮ ಕಾರಂತರ ‘ಚೋಮನ ದುಡಿ’ (1933) ನೋಡಿರಿ. ಚೋಮನಿಗೆ ಎತ್ತುಗಳಿವೆ, ಬೇಸಾಯದ ಆಸೆಯಿದೆ, ಭೂಮಿಯಿಲ್ಲ. ಹೊಲೆಯ ಬೇಸಾಯಗಾರನಾಗಬಾರದೆಂಬುದು ಊರಿನ ಕಟ್ಟಳೆ. ಅವನ ಸಿಟ್ಟು, ಕುಡಿತ, ದುಡಿಯ ಬಡಿತ ಇವನ್ನೆಲ್ಲ ದುರಂತನಾಯಕನ ಸ್ವಭಾವವೆಂದು ಓದುವುದು ಸುಲಭ. ಆದರೆ ಅವನನ್ನು ರೂಪಿಸಿದ್ದು ಮಾಡಿದ ಕೆಲಸಕ್ಕಿಂತ ಮಾಡಗೊಡದ ಕೆಲಸ. ಇದನ್ನು ಕಂಡದ್ದು ಕಾರಂತರ ದೊಡ್ಡತನ. ನನ್ನ ತಕರಾರು ಬೇರೆ. ಚೋಮ ಒಬ್ಬಂಟಿ, ಅವನ ಆಸೆಗೆ ಸಂಗಡಿಗರಿಲ್ಲ. ಕೊನೆಗೆ ದುಡಿ ಬಡಿಯುತ್ತಲೇ ಸಾಯುತ್ತಾನೆ.

ಆ ಕಾದಂಬರಿಗೆ ಎಂಟು ವರ್ಷ ಮೊದಲೇ, 1925ರ ಏಪ್ರಿಲ್‌ನಲ್ಲಿ, ನಿಪ್ಪಾಣಿಯಲ್ಲಿ ಬಹಿಷ್ಕೃತರ ಪರಿಷತ್ತು ನಡೆದಿತ್ತು. ಅಧ್ಯಕ್ಷರು ಅಂಬೇಡ್ಕರ್. 1928ರಲ್ಲಿ ಅವರು ಮುಂಬೈ ಶಾಸನಸಭೆಯಲ್ಲಿ ಮಹಾರ ವತನದ ಮಸೂದೆ ತಂದರು. ವತನದಾರ ಹಗಲು ರಾತ್ರಿ ಯಾವಾಗ ಕರೆದರೂ ಓಡಬೇಕು. ಅವನಿಲ್ಲದಿದ್ದರೆ ಮನೆಯವರು ಹೋಗಬೇಕು. ಕೂಲಿಯ ಬಹುಪಾಲು ಆಯದ ಕಾಳು, ಬೇಡಿದ ರೊಟ್ಟಿ. ಈ ಚಾಕರಿ ಹೊಟ್ಟೆಯನ್ನಷ್ಟೇ ಅಲ್ಲ, ಮಹತ್ವಾಕಾಂಕ್ಷೆಯನ್ನೂ ತಿನ್ನುತ್ತದೆಂಬುದು ಅಂಬೇಡ್ಕರರ ವಾದ. ಕಸುಬು ಮನುಷ್ಯನ ದೃಷ್ಟಿಯನ್ನು ಹೇಗೆ ಬಗ್ಗಿಸುತ್ತದೆಂಬುದಕ್ಕೆ ಇದಕ್ಕಿಂತ ಚೊಕ್ಕ ವಿಮರ್ಶೆ ಯಾವುದಿದೆ? ‘ಹೊಲ್ಯಾರ ಬುದ್ಧೀನ ಹಂಗ’ ಎಂದು ಊರು ಆಡಿಕೊಂಡದ್ದು ವತನದ ಬುದ್ಧಿ, ಊರೇ ಕಟ್ಟಿಕೊಟ್ಟದ್ದು.

ಹಂಗಾರ ಕಸುಬನ್ನೆಲ್ಲ ಬೈದು ಬಿಡೋಣವೆ? ಅಲ್ಲಿಯೂ ಮೋಸವಿದೆ. ಅಥಣಿ, ನಿಪ್ಪಾಣಿ ಕಡೆಯ ಚಪ್ಪಲಿಗೆ ಕೊಲ್ಹಾಪುರಿ ಎಂದು ಹೆಸರು. ಚರ್ಮ ಹದ ಮಾಡುವ ಡೋಹರ, ಹೊಲಿಯುವ ಸಮಗಾರ, ವೇಣಿ ಹೆಣೆಯುವ ಹೆಣ್ಣುಮಕ್ಕಳು, ಇವರ ಕೈಯಲ್ಲಿ ಅಳತೆಯಿದೆ, ಲೆಕ್ಕವಿದೆ, ಸೌಂದರ್ಯಪ್ರಜ್ಞೆಯಿದೆ. 2019ರಲ್ಲಿ ಅದಕ್ಕೆ ಭೌಗೋಳಿಕ ಗುರುತು ಸಿಕ್ಕಿತು. 2025ರಲ್ಲಿ ಪ್ರಾಡಾ ಕಂಪನಿ ಮಿಲಾನಿನಲ್ಲಿ ಮೂಲ ಹೇಳದೆ ಇಂಥದೇ ಚಪ್ಪಲಿ ತೋರಿಸಿತು. ಗದ್ದಲವಾದ ಮೇಲೆ ಒಪ್ಪಿಕೊಂಡಿತು. ಚಪ್ಪಲಿ ಮಿಲಾನಿಗೆ ಹೋದರೂ ಹೊಲಿದವನ ಮನೆ ಕೇರಿಯಲ್ಲೇ ಉಳಿಯಿತು. ಈಗ ‘ಪರಂಪರೆ’ ಎಂದು ಹೊಗಳುವವರು ಅವನ ಮಗಳು ಹಳ್ಳಿ ಬಿಟ್ಟು ನರ್ಸ್ ಆದರೆ ಮರುಗುತ್ತಾರೆ. ಕರುಣೆಯ ಕಾದಂಬರಿಯೂ ಹೆಮ್ಮೆಯ ಕಾದಂಬರಿಯೂ ಅವಳನ್ನು ಅದೇ ಅಡಿಗಲ್ಲಿನ ಮುಂದೆ ಕೂಡ್ರಿಸುತ್ತವೆ.

ದೇವನೂರ ಮಹಾದೇವರ ‘ಒಡಲಾಳ’ದಲ್ಲಿ ಪುಟ್ಟಗೌರಿ ಗೋಡೆಯ ಮೇಲೆ ನವಿಲು ಬರೆಯುತ್ತಾಳೆ. ಅದನ್ನು ಯಾವ ಧಣಿಯೂ ಹೇಳಿ ಮಾಡಿಸಿದ್ದಲ್ಲ, ಯಾವ ವತನವೂ ಅಲ್ಲ. ದಲಿತ ವಿಮರ್ಶೆ ಕಾದಂಬರಿಗೆ ಹಾಕಬೇಕಾದ ಸವಾಲು ಇಲ್ಲಿದೆ ಅನಿಸುತ್ತದೆ: ಕೈಯ ಜಾಣತನ ಬೇರೆ, ಕೈಗೆ ಬಿಗಿದ ಹಗ್ಗ ಬೇರೆ. ಇವೆರಡನ್ನು ಬಿಡಿಸಿ ನೋಡದ ಕಾದಂಬರಿಯನ್ನು, ಅದು ನಮ್ಮವರೇ ಬರೆದದ್ದಾದರೂ, ನಾವು ಪ್ರಶ್ನಿಸಬೇಕು. ಕಬ್ಬು ಕಡಿಯುವ ಉಗಾರ–ಕಾಗವಾಡದ ಕೂಲಿಯವನ ಬಗ್ಗೆ, ಬೀಡಿ ಕಟ್ಟುವ ನಿಪ್ಪಾಣಿಯ ಹೆಣ್ಣುಮಗಳ ಬಗ್ಗೆ ಬರೆಯಲು ಹೊರಟ ಗೆಳೆಯರು ಮೊದಲು ಅವರನ್ನೇ ಕೇಳಲಿ: ‘ಈ ಕೆಲಸ ಇರದಿದ್ರ ಏನ್ ಮಾಡಾಕ ಮನಸ್ಸಿತ್ತು?’ ಕಾದಂಬರಿ ಆ ಉತ್ತರದಿಂದ ಶುರುವಾಗಲಿ.