ದರ್ಗೈ: ಹಾಡಿನ ಉಳಿದರ್ಧ

ರಿಚರ್ಡ್ ಮತ್ತು ಲಿಂಡಾ ಥಾಂಪ್ಸನ್ ದಂಪತಿಯ ಸಂಗೀತದ ಚರ್ಚೆ ಸಾಮಾನ್ಯವಾಗಿ 1974ರ ‘ಐ ವಾಂಟ್ ಟು ಸೀ ದ ಬ್ರೈಟ್ ಲೈಟ್ಸ್ ಟುನೈಟ್’ ಆಲ್ಬಮ್‌ನಿಂದ ತೊಡಗಿ ನೇರವಾಗಿ 1982ರ ‘ಶೂಟ್ ಔಟ್ ದ ಲೈಟ್ಸ್’ಗೆ ಜಿಗಿಯುತ್ತದೆ, ನಡುವೆ 1975ರಲ್ಲಿ ಐಲೆಂಡ್ ಸಂಸ್ಥೆ ಹೊರತಂದ ‘ಪೋರ್ ಡೌನ್ ಲೈಕ್ ಸಿಲ್ವರ್’, ಅವರಿಬ್ಬರೂ ಸೂಫಿ ಮಾರ್ಗ ಹಿಡಿದ ಕಾಲದ ದಾಖಲೆಯೆಂಬ ಒಂದು ಮಾತಿಗಷ್ಟೇ ಸೀಮಿತವಾಗುತ್ತದೆ.

ಈ ಅಲಕ್ಷ್ಯದ ಬೇರು ದಂಪತಿ ಹಾಡಿದ್ದೆಲ್ಲವನ್ನೂ ದಾಂಪತ್ಯದ ವರದಿಯೆಂದು ಓದುವ ವಿಮರ್ಶೆಯಲ್ಲಿದೆ. ‘ಶೂಟ್ ಔಟ್ ದ ಲೈಟ್ಸ್’ ಅನ್ನು ವಿಚ್ಛೇದನದ ಆಲ್ಬಮ್ ಎಂದು ಕೊಂಡಾಡುವ ಈ ಪಂಥ, ಅದರ ಹಲವು ಹಾಡುಗಳು ದಾಂಪತ್ಯ ಮುರಿಯುವ ಮೊದಲೇ, 1980ರಲ್ಲಿ, ಜೆರ್ರಿ ರಾಫರ್ಟಿಯ ನಿರ್ಮಾಣದಲ್ಲಿ ಒಮ್ಮೆ ಧ್ವನಿಮುದ್ರಣಗೊಂಡಿದ್ದವೆಂಬ ಸಂಗತಿಯನ್ನು ಗಣಿಸುವುದಿಲ್ಲ. ಇಂಥ ಕಿವಿಗೆ ‘ಪೋರ್ ಡೌನ್ ಲೈಕ್ ಸಿಲ್ವರ್’ ದಕ್ಕುವುದು ಸಾಧ್ಯವೇ ಇಲ್ಲ. ಏಕೆಂದರೆ ಎಂಟು ನಿಮಿಷ ಮೀರುವ ‘ನೈಟ್ ಕಮ್ಸ್ ಇನ್’ ಸೇರಿದಂತೆ ಅದರ ಮುಖ್ಯ ಹಾಡುಗಳು ಹಂಬಲಿಸುವ ಪ್ರಿಯನನ್ನು ಸೂಫಿ ಕಾವ್ಯದ ಪರಿಪಾಠದಂತೆ ದೇವರೆಂದೇ ತಿಳಿಯಲು ಎಡೆಯಿದೆ.

ಆದರೆ ಹಾಡುಗಳ ಅರ್ಥಕ್ಕಿಂತ ಹೆಚ್ಚಿನ ಪರಿಶೀಲನೆಗೆ ಅರ್ಹವಾದದ್ದು, ‘ಡಿಮಿಂಗ್ ಆಫ್ ದ ಡೇ’ಯನ್ನು ಲಿಂಡಾ ಹಾಡಿ ಮುಗಿಸಿದ ಮೇಲೆ ಗಿಟಾರ್ ಎತ್ತಿಕೊಳ್ಳುವ ‘ದರ್ಗೈ’ ಎಂಬ ರಾಗ. ಅದನ್ನು ರಚಿಸಿದವನು ಸ್ಕಾಟ್ಲೆಂಡಿನ ಪಿಟೀಲುವಾದಕ ಜೇಮ್ಸ್ ಸ್ಕಾಟ್ ಸ್ಕಿನ್ನರ್ (1843–1927). ಬ್ರಿಟಿಷ್ ಇಂಡಿಯಾದ ವಾಯವ್ಯ ಗಡಿಯ ದರ್ಗೈ ದಿಣ್ಣೆಯ ಮೇಲೆ 1897ರ ಅಕ್ಟೋಬರಿನಲ್ಲಿ ಗಾರ್ಡನ್ ಹೈಲ್ಯಾಂಡರ್ಸ್ ಪಡೆ ಏರಿಹೋದಾಗ, ಕಾಲಿಗೆ ಗುಂಡು ತಗುಲಿದ ಮೇಲೂ ಬ್ಯಾಗ್‌ಪೈಪ್ ನುಡಿಸುತ್ತಲೇ ಇದ್ದ ಆ ಪಡೆಯ ವಾದಕ ಫಿಂಡ್ಲೇಟರ್‌ಗೆ ವಿಕ್ಟೋರಿಯಾ ಕ್ರಾಸ್ ದೊರೆಯಿತು, ಮತ್ತು ಆ ಕಾಳಗದ ಹೆಸರು ಸ್ಕಾಟಿಷ್ ಸಂಗೀತದಲ್ಲಿ ನೆಲೆಯಾಯಿತು.

ಥಾಂಪ್ಸನ್‌ನ ಗಿಟಾರ್ ಈ ರಾಗದಲ್ಲಿ ನೆನಪಿಸುವ ಬ್ಯಾಗ್‌ಪೈಪ್ ಒಂದು ಸ್ಥಿರ ಶ್ರುತಿಯ ಮೇಲೆ ನುಡಿಯುವ ವಾದ್ಯ. ಅದರ ಚೀಲದಿಂದ ಗಾಳಿ ಹೊಮ್ಮುತ್ತಲೇ ಇರುವುದರಿಂದ ನಾದವನ್ನು ನಡುವೆ ತಡೆಯಲಾಗುವುದಿಲ್ಲ, ಹೀಗಾಗಿ ಒಂದೇ ಸ್ವರ ಎರಡು ಬಾರಿ ಬರಬೇಕಾದಾಗ ಅವುಗಳ ನಡುವೆ ಕ್ಷಣಮಾತ್ರದ ಅಲಂಕಾರ ಸ್ವರವೊಂದನ್ನು ಸೇರಿಸಿ ಬೇರ್ಪಡಿಸಬೇಕಾಗುತ್ತದೆ. ಗಿಟಾರಿನ ಕಷ್ಟ ಇದಕ್ಕೆ ತದ್ವಿರುದ್ಧ, ಮೀಟಿದ ಸ್ವರ ಅಲ್ಲಿ ಕೂಡಲೇ ಕ್ಷೀಣಿಸತೊಡಗುತ್ತದೆ. ಪೈಪಿನಲ್ಲಿ ಸ್ವರಗಳನ್ನು ಬಿಡಿಸುತ್ತಿದ್ದ ಆ ಅಲಂಕಾರವನ್ನೇ ಥಾಂಪ್ಸನ್ ಸ್ವರಗಳನ್ನು ಬೆಸೆಯಲು ಬಳಸುತ್ತಾನೆ, ಮತ್ತು ಮಾತಿಲ್ಲದ ಆ ವಾದನದಲ್ಲಿ ಲಿಂಡಾಳ ಕಂಠದ ದೀರ್ಘ ಎಳೆತವೇ ಮುಂದುವರಿಯುತ್ತದೆ. ರಾಕ್ ಗಿಟಾರಿಗೆ ಅಮೆರಿಕದ ಬ್ಲೂಸ್ ಒಂದೇ ತಾಯಿಬೇರೆಂದು ವಾದಿಸುವವರಿಗೆ, ಸ್ಕಾಟಿಷ್ ತಂದೆಯ ಈ ಲಂಡನ್ ಮಗನ ಕೈಬೆರಳುಗಳು ಕೊಡುವ ಉತ್ತರ ಇದು.

‘ಡಿಮಿಂಗ್ ಆಫ್ ದ ಡೇ’ ಮುಂದೆ ಬೇರೆ ಗಾಯಕರಿಂದ ಖ್ಯಾತಿ ಪಡೆಯಿತು. ಬಾನಿ ರೇಟ್ 1994ರಲ್ಲಿ ಅದನ್ನು ಮನಮುಟ್ಟುವಂತೆ ಹಾಡಿದ್ದಾಳೆ, ಆದರೆ ಅಲ್ಲಿ ‘ದರ್ಗೈ’ ಇಲ್ಲ. ಥಾಂಪ್ಸನ್ ದಂಪತಿ ಎರಡನ್ನೂ ಒಂದೇ ರಚನೆಯಾಗಿ ಆಲ್ಬಮ್‌ನ ಕೊನೆಗಿಟ್ಟು, ಪ್ರಾರ್ಥನೆ ಮುಗಿಯುವಲ್ಲಿ ಯುದ್ಧದ ನೆನಪಿನ ರಾಗವನ್ನು ಶಾಂತವಾಗಿ ನುಡಿಸಿದ್ದಾರೆ. ಹಾಡನ್ನು ಮಾತ್ರ ಬಲ್ಲವರು ಈ ಆಲ್ಬಮ್ ವಿಷಾದದಲ್ಲಿ ಕೊನೆಗೊಳ್ಳುತ್ತದೆಂದು ತೀರ್ಪು ಕೊಡುತ್ತಾರೆ. ರಾಗವನ್ನೂ ಕೇಳಿದವರಿಗೆ ಅದು ಬ್ರಿಟಿಷ್ ಫೋಕ್ ರಾಕ್‌ನ ಅತ್ಯಂತ ಧೈರ್ಯದ ಮುಕ್ತಾಯವೆಂಬುದು ಮನದಟ್ಟಾಗುತ್ತದೆ.